ಮಗಳನ್ನ ಸಾಲಿಗೆ ಹಾಕಬೇಕ್ರಿ, ನಾವು ಭಾಳ ಓದಿದವ್ರಲ್ಲ, ಮನ್ಯಾಗ ಏನ್ ಕಲಸಬೇಕು?

ತೊಗರಿನಾಡಿನ ತಾಯಿ, ಕಲಬುರಗಿ

ಎಲ್ಲರಿಗೂ ಶರಣು ರೀ. ನಾ ಇಲ್ಲೇ ಕಲಬುರಗಿಯಾಗ ದಾಲ್ ಮಿಲ್ಲಿಗೆ ಕೆಲಸಕ್ಕ ಹೋಗ್ತೀನಿ, ನಮ್ಮ ಮನಿಯವ್ರು ಗಂಜಿನಾಗ, ಅಂದ್ರ ಕಾಳಿನ ಮಾರ್ಕೆಟಿನಾಗ, ಹಮಾಲಿ. ನಾ ಎಂಟನೇತ್ತ ತನಕ ಓದೀನಿ, ಅವ್ರು ಸಹಿ ಮಾಡ್ತಾರ ಅಷ್ಟೇ. ಮಗಳಿಗಿ ಈಗ 4 ವರ್ಷ 8 ತಿಂಗಳು. ಓಣಿ ಮಂದಿ ಎಲ್ಲಾ ಪ್ರೈವೇಟ್ ಸಾಲಿಗೆ ಹಾಕ್ಲತ್ತಾರ ಅಂತ ನಾವೂ ಸಾಲಾ ಸೂಲಾ ಮಾಡಿ ಹಾಕಮು ಅಂತ ಹೋದ ವಾರ ಒಂದು ಸಾಲಿಗೆ ಒಯ್ದಿದ್ವಿ. ಅಲ್ಲಿ ಮ್ಯಾಡಮ್ಮು ಅಕಿಗಿ ಇಂಗ್ಲಿಷಿನಾಗ ಕಲರ್ ಹೇಳು, ಎ ಬಿ ಸಿ ಹೇಳು ಅಂದ್ರು, ಇಕಿ ನನ್ನ ಸೆರಗಿನ ಹಿಂದ ಹೋಗಿ ನಿಂತಳು, ಹೆಸರು ಕೇಳಿದ್ರೂ ಬಾಯಿ ಬಿಡಲಿಲ್ಲ. ಮನ್ಯಾಗ ಹಂಗಿಲ್ಲ ರೀ, ಇಡೀ ದಿನ ವಟವಟ ಅಂತಿರ್ತಾಳ. ಅವ್ರು ನನ್ನ ಮಾರಿ ನೋಡಿ "ಈ ಕೂಸು ರೆಡಿ ಇಲ್ಲ, ಮನ್ಯಾಗ ಏನೂ ಕಲಿಸಿಲ್ಲ ನೀವು, ಒಂದು ವರ್ಷ ಟ್ಯೂಷನ್‌ಗೆ ಹಾಕ್ರಿ" ಅಂದ್ರು. ಟ್ಯೂಷನ್ನಿಗಿ ತಿಂಗಳಿಗಿ 600 ಅಂತ. ಅವತ್ತ ರಾತ್ರಿ ನನಗ ನಿದ್ದಿ ಹತ್ತಲಿಲ್ಲ.

ಈಗ ಅಕಿ ಅಂಗನವಾಡಿಗೆ ಹೋಗ್ತಾಳ, ಆದ್ರ ಅಲ್ಲಿ ಬರೀ ಆಡಸ್ತಾರ, ಬರಸೋದಿಲ್ಲ ಅಂತ ನಮ್ಮ ಅತ್ತಿ ಬೇಜಾರ ಮಾಡ್ಕೋತಾರ. ನಾ ಸಂಜಿಗಿ ಏಳಕ್ಕ ಮನಿಗಿ ಬರ್ತೀನಿ, ರೊಟ್ಟಿ ಬಡಿಬೇಕು, ಪಾತ್ರಿ ತೊಳಿಬೇಕು. ಇದರಾಗ ನಾ ಏನ್ ಕಲಸಬೇಕು, ಎಷ್ಟೊತ್ತು ಕಲಸಬೇಕು, ಗೊತ್ತಿದ್ದವ್ರು ಜರಾ ಹೇಳ್ರಿ. ಖರೇನ ನನ್ನ ಮಗಳು ಹಿಂದ ಬಿದ್ದಾಳೇನು?

ಅಂಗನವಾಡಿ ಅಕ್ಕ, ಬೀದರ ಜಿಲ್ಲಾ

ತಂಗೀ, ಮೊದಲ ಆ ಮಾತು ಮನಸ್ಸಿಂದ ತಗದು ಹಾಕು. ನಾ 21 ವರ್ಷದಿಂದ ಅಂಗನವಾಡಿ ಕಾರ್ಯಕರ್ತಿ ಇದ್ದೀನಿ, ಹೊಸಾ ಜಾಗಾದಾಗ ಹೊಸಾ ಮಂದಿ ಮುಂದ ಸೆರಗು ಹಿಡಿಲಾರದ ಕೂಸು ನಾ ಎಲ್ಲೂ ನೋಡಿಲ್ಲ. ಮನ್ಯಾಗ ವಟವಟ ಮಾತಾಡ್ತಾಳ ಅಂದಿ ನೋಡು, ಅದೇ ದೊಡ್ಡ ತಯಾರಿ. ಮಾತು ಬರೋ ಕೂಸಿಗಿ ಅಕ್ಷರ ಬರ್ತಾವ, ಮಾತೇ ಇಲ್ಲಂದ್ರ ಅಕ್ಷರ ಎಲ್ಲಿ ಕೂಡಸ್ತಿ?

ಬರೀ ಆಡಸ್ತಾರ ಅಂತ ನಿಮ್ಮ ಅತ್ತಿ ಅಂದಿದ್ದು ನನಗೂ ದಿನಾ ಕೇಳೋ ಮಾತು. ನಮ್ಮೂರಾಗ ತಾಯಂದಿರು ಬಂದು "ಅಕ್ಕೋರೆ, ಪಾಟಿ ಮ್ಯಾಲ ಬರಸ್ರಿ" ಅಂತಾರ. ನಾ ಅವ್ರಿಗಿ ಕೂಡ್ಸಿ ಹೇಳ್ತೀನಿ, ಮಣ್ಣಿನ ಉಂಡಿ ಮಾಡೋದು, ಮಣಿ ಪೋಣಸೋದು, ಕಾಗದ ಹರಿಯೋದು, ಇವೆಲ್ಲ ಕೈ ಬಳ್ಳಿಗಿ ಬಲ ಬರೋ ಸಲೇಕ. ಬಳ್ಳಿನಾಗ ಬಲಾ ಇರಲಾರದ ನಾಕು ವರ್ಷದ ಕೂಸಿಗಿ ಪೆನ್ಸಿಲ್ ಕೊಟ್ಟು ಅ ಆ ಇ ಈ ತಿದ್ದಿಸಿದ್ರ ಕೈ ನೋಯ್ತದ, ಆಮ್ಯಾಲ ಬರಿಯೋದು ಅಂದ್ರನೇ ಅಳ್ತದ. ವೃತ್ತದಾಗ ಕೂಡ್ರೋದು, ತನ್ನ ಪಾಳಿ ಬರೋ ತನಕ ತಡಕೊಳ್ಳೋದು, ಕೈ ತೊಳ್ಕೊಂಡು ಉಣ್ಣೋದು, ಒಂದಕ್ಕ ಬಂದ್ರ ಹೇಳೋದು, ಅವ್ವನ ಬಿಟ್ಟು ನಾಕು ತಾಸು ಇರೋದು, ಇದೆಲ್ಲಾ ಒಂದನೇತ್ತದಾಗ ಮಾಸ್ತರು ಕಲಸ್ಲಿಕ್ಕೆ ಆಗಲ್ಲ, ಮೂವತ್ತು ಹುಡುಗ್ರ ನಡುವ ಅವ್ರಿಗಿ ಪುರಸತ್ತ ಎಲ್ಲದ.

ಅಂಗನವಾಡಿ ಅನ್ನೋ ಹೆಸರು ಹ್ಯಾಂಗ ಬಂತು ಗೊತ್ತೇನು, ನಮ್ಮ ಗಡಿ ಆಚಿ ಮಹಾರಾಷ್ಟ್ರದಾಗ ತಾರಾಬಾಯಿ ಮೋಡಕ್ ಅಂತ ಇದ್ರು, 1945ರಾಗ ಬೋರ್ಡಿ ಅನ್ನೋ ಊರಾಗ ಸಣ್ಣ ಹುಡುಗ್ರ ಸಾಲಿ ಶುರು ಮಾಡಿದ್ರು. ಬಡವರ ಕೇರಿ ಹುಡುಗ್ರು ಸಾಲಿಗಿ ಬರಲಿಲ್ಲ, ಅದಕ್ಕ ಅವ್ರು, ಅನುತಾಯಿ ವಾಘ್ ಕೂಡಿ ಸಾಲಿನೇ ಆ ಕೇರಿ ಅಂಗಳಕ್ಕ ಒಯ್ದ್ರು. ಅಂಗಳದಾಗಿನ ಸಾಲಿ, ಅಂಗನವಾಡಿ. ಅದಕ್ಕ ನಾ ಹೇಳ್ತೀನಿ, ನಿನ್ನ ಅಂಗಳನೂ ಸಾಲೀನೇ.

ನೀ ರೊಟ್ಟಿ ಬಡಿಯೋವಾಗ ಅಕಿನ್ನ ಬಾಜೂಕ ಕೂಡಸ್ಕೋ. ಒಂದು ಸಣ್ಣ ಹಿಟ್ಟಿನ ಉಂಡಿ ಅಕಿ ಕೈಯಾಗ ಕೊಡು. "ಅಪ್ಪಗ ಎಷ್ಟು, ಅಜ್ಜಿಗಿ ಎಷ್ಟು, ನಿನಗ ಎಷ್ಟು, ಎಲ್ಲಾ ಕೂಡಿ ಎಷ್ಟಾದವು" ಅಂತ ಕೇಳು. ಸುಟ್ಟಿದ್ದು ಯಾವುದು, ಉಬ್ಬಿದ್ದು ಯಾವುದು, ದೊಡ್ಡದು ಯಾವುದು. ಇದಕ್ಕ ಬ್ಯಾರೆ ಟೈಮ್ ಬ್ಯಾಡ ತಂಗೀ.

ಶಹಾಬಾದ ಪಪ್ಪಾ

ಅಕ್ಕೋರ ಮಾತಿಗಿ ಗೌರವ ಅದ, ಆದ್ರ ನಾ ಒಂದು ಬ್ಯಾರೆ ಮಾತು ಹೇಳ್ತೀನಿ, ಸಿಟ್ಟಾಗಬ್ಯಾಡ್ರಿ. ನಾ ಕನ್ನಡ ಮೀಡಿಯಂ ಓದಿ ಪಿಯುಸಿ ಸೈನ್ಸಿಗಿ ಹೋದಾಗ ಇಂಗ್ಲಿಷ್ ಸಲೇಕ ಎಷ್ಟು ಹೈರಾಣ ಆದೆ ಅಂತ ನನಗೇ ಗೊತ್ತು, ಎರಡು ಸಬ್ಜೆಕ್ಟ್ ಫೇಲ್ ಆಗಿ ಬಿಟ್ಟು ಫ್ಯಾಕ್ಟರಿಗಿ ಸೇರ್ದೆ. ಅದಕ್ಕ ನನ್ನ ಮಗನ್ನ ಮೂರು ವರ್ಷಕ್ಕೇ ಇಂಗ್ಲಿಷ್ ಮೀಡಿಯಂ ಹಾಕೀನಿ. ರೊಟ್ಟಿ ಎಣಿಸೋದು ಛಲೋನೇ, ಆದ್ರ ನಾಳೆ ಇಂಟರ್‌ವ್ಯೂದಾಗ ರೊಟ್ಟಿ ಕೇಳಲ್ಲ. ಬಡವರ ಮಕ್ಕಳೇ ಯಾವಾಗಲೂ ಆಟಾ ಆಡಕೋತ ಕೂಡ್ರಬೇಕು, ರೊಕ್ಕ ಇದ್ದವರ ಮಕ್ಕಳು ಎ ಬಿ ಸಿ ಕಲಿಬೇಕು, ಇದು ನನಗ ಸರಿ ಅನಸಲ್ಲ.

ನಲಿಕಲಿ ಮಾಸ್ತರ, ಯಾದಗಿರಿ

ಶಹಾಬಾದ ಅಣ್ಣಾ, ನಿಮ್ಮ ನೋವು ಖರೇ ಅದ, ನಾನೂ ಡಿ.ಎಡ್ ತನಕ ಕನ್ನಡದಾಗೇ ಓದಿದಾವ, ಇಂಗ್ಲಿಷ್ ಬರಲಾರದಕ್ಕ ಎಷ್ಟೋ ಕಡಿ ಬಾಯಿ ಮುಚ್ಚಿಕೊಂಡು ಕೂತೀನಿ. ಇಂಗ್ಲಿಷ್ ಬ್ಯಾಡ ಅಂತ ಯಾರೂ ಅನಲ್ಲ. ಆದ್ರ ಮೂರು ವರ್ಷಕ್ಕೇ ಶುರು ಮಾಡೋದು ಒಂದು, ಅದು ಕೂಸಿಗಿ ತಿಳಿಯೋದು ಇನ್ನೊಂದು. ನಮ್ಮ ಸಾಲಿಗಿ ಪ್ರೈವೇಟ್ ಎಲ್‌ಕೆಜಿ ಯುಕೆಜಿ ಮುಗಿಸಿ, ಫೀ ಕಟ್ಟಲಾಗದೆ ಬಿಟ್ಟು ಬಂದ ಹುಡುಗ್ರು ಪ್ರತಿ ವರ್ಷ ಬರ್ತಾರ. ಒಬ್ಬ ಹುಡುಗ ಒನ್ ಟು ಹಂಡ್ರೆಡ್ ನೀರು ಕುಡದಂಗ ಹೇಳ್ತಿದ್ದ, ಮುಂದ ಹುಣಸೀ ಬೀಜ ಇಟ್ಟು ಏಳು ಕೊಡಪಾ ಅಂದೆ, ಮುಷ್ಟಿ ತುಂಬ ಕೊಟ್ಟ. ಏಳು ಅಂದ್ರ ಎಷ್ಟು ಅನ್ನೋದು ಅವನಿಗಿ ಗೊತ್ತೇ ಇರಲಿಲ್ಲ, ಏಳರ ಹೆಸರು ಗೊತ್ತಿತ್ತು. ಅದೇ ವರ್ಷ ಒಬ್ಬಾಕಿ ಕುರಿ ಕಾಯೋರ ಮಗಳು ಬಂದಿದ್ಲು, ಒಂದು ಅಂಕಿ ಬರಿಲಾಕ ಬರ್ತಿದ್ದಿಲ್ಲ, ಆದ್ರ ಹನ್ನೆರಡು ಕುರ್ಯಾಗ ಮೂರು ಹೋದ್ರ ಒಂಬತ್ತು ಅಂತ ಥಟ್ಟನೆ ಅಂದ್ಲು. ದೀಪಾವಳಿ ಹೊತ್ತಿಗಿ ಅಕಿ ಎಲ್ಲರಿಗಿಂತ ಮುಂದ ಇದ್ಲು.

ತಂಗೀ, ಈಗ ನಿಮ್ಮ ಪ್ರಶ್ನೆಗೆ ಬರ್ತೀನಿ. ವಯಸ್ಸಿನ ಲೆಕ್ಕ ಮೊದಲ ನೋಡ್ಕೋರಿ. ಒಂದನೇತ್ತಕ್ಕ ಸೇರಸ್ಬೇಕಾದ್ರ ಜೂನ್ 1ಕ್ಕ 6 ವರ್ಷ ತುಂಬಿರಬೇಕು ಅಂತ 2022ರಾಗ ಸರಕಾರದ ಆದೇಶ ಬಂತು, 2025-26ಕ್ಕ ಮಾತ್ರ 5 ವರ್ಷ 5 ತಿಂಗಳು ಅಂತ ಸಡಿಲ ಮಾಡಿದ್ರು. ಅಂದ್ರ ನಿಮ್ಮ ಮಗಳಿಗಿ ಇನ್ನೂ ಒಂದು ವರ್ಷದ ಮ್ಯಾಲ ಟೈಮ್ ಅದ, ನಾಳೆನೇ ಪರೀಕ್ಷೆ ಇದ್ದಂಗ ಓಡಬ್ಯಾಡ್ರಿ. ನಮ್ಮ ಕಲ್ಯಾಣ ಕರ್ನಾಟಕದಾಗ ಕೆಕೆಆರ್‌ಡಿಬಿ, ಅಂದ್ರ ಪ್ರದೇಶ ಅಭಿವೃದ್ಧಿ ಮಂಡಳಿ ರೊಕ್ಕದಾಗ ಅಕ್ಷರ ಆವಿಷ್ಕಾರ ಅಂತ ಯೋಜನೆ ಮಾಡಿ ಭಾಳ ಸರಕಾರಿ ಸಾಲ್ಯಾಗ ಎಲ್‌ಕೆಜಿ ಯುಕೆಜಿ ಶುರು ಮಾಡ್ಯಾರ, ನಿಮ್ಮ ಓಣಿ ಹತ್ರದ ಸರಕಾರಿ ಸಾಲ್ಯಾಗ ಅದನೋ ಇಲ್ಲೋ ಒಂದ್ಸಲ ಹೋಗಿ ಕೇಳ್ರಿ. ಇದರ ಸಲೇಕ 2024ರಾಗ ಅಂಗನವಾಡಿ ಅಕ್ಕಗಳು ಬೆಂಗಳೂರಿಗಿ ಹೋಗಿ ಧರಣಿ ಕೂತಿದ್ರು, ಹುಡುಗ್ರೆಲ್ಲಾ ಅಲ್ಲಿಗಿ ಹೋದ್ರ ನಮ್ಮ ಕೇಂದ್ರ ಖಾಲಿ ಆಗ್ತಾವ ಅಂತ, ಅವ್ರ ಮಾತಿನಾಗೂ ನ್ಯಾಯ ಅದ. ನನ್ನ ಕೇಳಿದ್ರ ನಿಮ್ಮ ಅಂಗನವಾಡಿ ಅಕ್ಕ ದಿನಾ ಬಾಗಲಾ ತಗೀತಾರ, ಕೂಸಿನ ಜೋಡಿ ಮಾತಾಡ್ತಾರ ಅಂದ್ರ ಅಲ್ಲೇ ಇರ್ಲಿ.

ಇನ್ನೊಂದು, ಆ ಸಾಲ್ಯಾಗ ಕೂಸಿಗಿ ಇಂಟರ್‌ವ್ಯೂ ಮಾಡಿದ್ರು ಅಂದ್ರಲ್ಲ, 2009ರ ಶಿಕ್ಷಣ ಹಕ್ಕು ಕಾಯ್ದೆ 13ನೇ ಕಲಂದಾಗ ಮಕ್ಕಳಿಗಾಗ್ಲಿ ತಂದಿತಾಯಿಗಾಗ್ಲಿ ಸೇರಸ್ಕೊಳ್ಳೋ ಮುಂದ ಪರೀಕ್ಷೆ ಮಾಡಬಾರದು ಅಂತ ಸ್ಪಷ್ಟ ಅದ. ಕಾಯ್ದೆ 6 ರಿಂದ 14 ವರ್ಷದವ್ರಿಗಿ, ಎಲ್‌ಕೆಜಿಗಿ ಹ್ಯಾಂಗ ಹತ್ತತದ ಅನ್ನೋದು ವಾದದ ಮಾತು, ಆದ್ರ ಒಂದನೇತ್ತಕ್ಕ ಯಾರಾದ್ರೂ ನಿಮ್ಮ ಮಗಳನ್ನ ಹಿಂಗ ನಿಲ್ಲಿಸಿ ಕೇಳಿದ್ರ ಧೈರ್ಯದಿಂದ ಈ ಮಾತು ಹೇಳ್ರಿ. ಜನ್ಮ ಪ್ರಮಾಣಪತ್ರ ಇಲ್ಲಂತನೂ ವಾಪಸ್ ಕಳಸೋ ಹಂಗಿಲ್ಲ.

ಮತ್ತ ನಲಿಕಲಿ, ಅಂದ್ರ ಸರಕಾರಿ ಸಾಲ್ಯಾಗ ಆಡಿಸಿ ಕಲಿಸೋ ಪದ್ಧತಿ, ಅದರೊಳಗ ಒಂದನೇತ್ತದ ಶುರುವಿಗೆ ನಾವು ಪುಸ್ತಕ ತಗಿಯಲ್ಲ ರೀ, ವಿದ್ಯಾಪ್ರವೇಶ ಅಂತ ಮೂರು ತಿಂಗಳ ಆಟ, ಹಾಡು, ಕಥೀ, ಚಿತ್ರ ಇರ್ತಾವ. ಅ ಆ ಬರಲಾರದೆ ಬಂದ್ರ ಏನೂ ತಪ್ಪಿಲ್ಲ.

ತೊಗರಿನಾಡಿನ ತಾಯಿ, ಕಲಬುರಗಿ

ಸರ್, ಅಕ್ಕೋರೆ, ನಿಮ್ಮ ಮಾತು ಓದಿ ಕಣ್ಣಾಗ ನೀರು ಬಂತು ರೀ. ನಮ್ಮ ಅತ್ತಿಗಿ ಪೂರಾ ಓದಿ ಹೇಳಿದೆ. ಕುರಿ ಲೆಕ್ಕ ಕೇಳಿ ಅವ್ರು "ನಾನೂ ಹಂಗೇ ಕಲ್ತಿದ್ದೆ" ಅಂದ್ರು. ಆದ್ರ ಅಕ್ಷರ ಅಂತೂ ನಾ ಹ್ಯಾಂಗ ಶುರು ಮಾಡ್ಲಿ? ಮನ್ಯಾಗ ಒಂದು ಪುಸ್ತಕ ಇಲ್ಲ. ಮತ್ತ ಅಕಿ ಮಾತು ನಮ್ಮ ಕಲಬುರಗಿ ಮಾತು, ಸಾಲ್ಯಾಗಿನ ಕನ್ನಡ ಬ್ಯಾರೇನೇ ಇರ್ತದ, "ಹೋಗ್ಲತ್ತೀನಿ" ಅಂದ್ರ ನಕ್ಕಗಿಕ್ಕಾರಂತ ಹೆದರಿಕಿ.

ತಾಂಡಾದ ಗೌಂಡಿ

ಅಕ್ಕಾ, ನಿಮ್ಮದು ಕನ್ನಡ ಆದ್ರೂ ಅದ. ನಾವು ಲಂಬಾಣಿ ಮಂದಿ, ಚಿಂಚೋಳಿ ಕಡಿ ತಾಂಡಾ. ನಾ ಸಾಲಿಗಿ ಹೋದ ಮೊದಲ ದಿನ ಮಾಸ್ತರ ಏನ್ ಅಂದ್ರು ಅಂತ ಒಂದು ಅಕ್ಷರ ತಿಳಿಲಿಲ್ಲ. ನೀರಡಿಕಿ ಆಗಿತ್ತು, ಪಾಣಿ ಪಾಣಿ ಅಂದೆ, ಎಲ್ಲಾರೂ ನಕ್ಕರು. ನಾಕನೇತ್ತಕ್ಕ ಬಿಟ್ಟೆ. ಈಗ ಗೌಂಡಿ ಕೆಲಸಾ, ಆರು ತಿಂಗಳು ಪುಣೆ, ಆರು ತಿಂಗಳು ತಾಂಡಾ.

ನನ್ನ ಮಗನಿಗಿ ಹಂಗ ಆಗಬಾರದು ಅಂತ ನಮ್ಮ ಅಂಗನವಾಡಿ ಬಾಯಿ ಒಂದು ಕೆಲಸಾ ಮಾಡಿದ್ರು. ಗೋಡಿ ಮ್ಯಾಲ ಚಿತ್ರ ತಗದು, ಪಾಣಿ ಅಂದ್ರ ನೀರು, ಬಾಟಿ ಅಂದ್ರ ರೊಟ್ಟಿ, ಯಾಡಿ ಅಂದ್ರ ಅವ್ವ, ಅಂತ ಎರಡೂ ಮಾತು ದಿನಾ ಹುಡುಗ್ರ ಬಾಯಿಂದ ಅನಸಿದ್ರು. ನಮ್ಮ ಮಾತು ತಪ್ಪಂತ ಒಮ್ಮೆನೂ ಅನಲಿಲ್ಲ, ಅದಕ್ಕ ಹುಡುಗ್ರು ಹೆದರಲಿಲ್ಲ. ಈಗ ಮಗ ಎರಡನೇತ್ತ, ಎರಡೂ ಮಾತಾಡ್ತಾನ, ಪುಣೆದಾಗ ಮರಾಠಿನೂ ಕಲ್ತು ಬಂದಾನ. ನಾಕು ವರ್ಷದ ಹೊತ್ತಿನಾಗ ಪುಣೆಗಿ ಕರ್ಕೊಂಡು ಹೋಗೋ ಮುಂದ ಅಂಗನವಾಡಿ ಬಾಯಿ ನಮ್ಮ ತಾಯಿ ಕಾರ್ಡ್ ಕೈಯಾಗ ಕೊಟ್ಟು, ಅಂಗನವಾಡಿ ಹುಡುಗ್ರ ಹೆಸರಿರೋ ಪೋಷಣ್ ಟ್ರ್ಯಾಕರ್ ಆ್ಯಪಿನಾಗ ಹೆಸರು ಅಲ್ಲಿಗಿ ವರ್ಗ ಮಾಡಲಿಕ್ಕೆ ಬರ್ತದ, ಹೋದ ಕೂಡ್ಲೆ ಸೈಟಿನ ಹತ್ರದ ಅಂಗನವಾಡಿಗಿ ಹೋಗಿ ಕೇಳು ಅಂತ ಹೇಳಿ ಕಳಿಸಿದ್ರು. ಹೋದೆ, ಸೇರಸ್ಕೊಂಡ್ರು. ದುಡಿಲಾಕ ಹೊರಗ ಹೋಗೋರು ಇದನ್ನ ಮರಿಬ್ಯಾಡ್ರಿ, ಸೈಟಿನಾಗ ಉಸುಕಿನ ಗುಡ್ಡಿ ಮ್ಯಾಲ ಕೂಡ್ಸಿ ಬಿಟ್ರ ಆ ವರ್ಷ ಹೋದಂಗೇ.

ಎಂಎಸ್‌ಡಬ್ಲ್ಯೂ ಹುಡುಗಿ, ಕಲಬುರಗಿ

ಈ ಥ್ರೆಡ್ ಓದ್ತಾ ನಮ್ಮ ಕ್ಲಾಸಲ್ಲಿ ಮಾಡಿದ ಒಂದು ವಿಷಯ ನೆನಪಾಯ್ತು, ಶಹಾಬಾದ ಅಣ್ಣನ ಪ್ರಶ್ನೆಗೂ ಅದು ಉತ್ತರ ಆಗಬಹುದು ಅಂತ ಬರೀತಿದೀನಿ. ಅಮೆರಿಕದ ಮಿಶಿಗನ್ ರಾಜ್ಯದ ಇಪ್ಸಿಲಾಂಟಿ ಅನ್ನೋ ಊರಲ್ಲಿ 1962ರಲ್ಲಿ ಪೆರ್ರಿ ಅನ್ನೋ ಸಾಲಿಯಲ್ಲಿ ಒಂದು ಪ್ರಯೋಗ ಶುರು ಮಾಡಿದ್ರು. ಬಡ ಕಪ್ಪು ಕುಟುಂಬಗಳ 123 ಮಕ್ಕಳು, ಮೂರು ನಾಕು ವರ್ಷದವರು. ಅದರಲ್ಲಿ 58 ಮಕ್ಕಳಿಗೆ ದಿನಾ ಅರ್ಧ ದಿನ ಬಾಲವಾಡಿ, ಉಳಿದ 65 ಮಕ್ಕಳಿಗೆ ಇಲ್ಲ. ಅಲ್ಲಿ ಬಾಯಿಪಾಠ ಇರಲಿಲ್ಲ, ಮಕ್ಕಳೇ ಏನ್ ಮಾಡಬೇಕು ಅಂತ ಯೋಚನೆ ಮಾಡಿ ಹೇಳೋದು, ಮಾಡೋದು, ಮಾಡಿದ್ದನ್ನ ಆಮೇಲೆ ಮಾತಾಡೋದು. ಮತ್ತೆ ಟೀಚರ್ ವಾರಕ್ಕೊಂದು ಸಲ ಮನೆಗೆ ಹೋಗಿ ತಾಯಿ ಜೊತೆ ಕೂತು ಕೂಸಿನ ಜೊತೆ ಏನೇನು ಆಡಬಹುದು ಅಂತ ತೋರಿಸ್ತಿದ್ರು.

ಆ ಮಕ್ಕಳಿಗೆ 40 ವರ್ಷ ಆಗೋ ತನಕ ಹಿಂದೆ ಬಿದ್ದು ನೋಡಿದಾರೆ. ಶುರುವಲ್ಲಿ ಐಕ್ಯೂ ಏರಿತು, ಕೆಲವೇ ವರ್ಷದಲ್ಲಿ ಆ ವ್ಯತ್ಯಾಸ ಹೋಗಿಬಿಡ್ತು, ಎಲ್ಲರೂ ಇದು ವೇಸ್ಟ್ ಅಂದ್ಕೊಂಡ್ರು. ಆದ್ರೆ ದೊಡ್ಡವರಾದ ಮೇಲೆ ನೋಡಿದ್ರೆ ಬಾಲವಾಡಿಗೆ ಹೋದವರಲ್ಲಿ ಹೈಸ್ಕೂಲ್ ಮುಗಿಸಿದವರು ಜಾಸ್ತಿ, ದುಡಿಮೆ ಜಾಸ್ತಿ, ಪೊಲೀಸರ ಕೈಗೆ ಸಿಕ್ಕವರು ಕಡಿಮೆ. ಅಂದ್ರೆ ಉಳಿದದ್ದು ಎ ಬಿ ಸಿ ಅಲ್ಲ, ತಾಳ್ಮೆ, ಹಟ ಹಿಡಿದು ಕೆಲಸ ಮುಗಿಸೋದು, ಮಂದಿ ಜೊತೆ ಹೊಂದ್ಕೊಂಡು ಹೋಗೋದು ಅಂತ ನಮ್ಮ ಸರ್ ವಿವರಿಸಿದ್ರು. 123 ಮಕ್ಕಳು ಅಂದ್ರೆ ಸಣ್ಣ ಸಂಖ್ಯೆ, ಅಲ್ಲಿನ ಪರಿಸ್ಥಿತಿ ಬೇರೆ, ಅದನ್ನೂ ಮರೆಯಬಾರದು. 1965ರಲ್ಲಿ ಅಲ್ಲಿನ ಸರಕಾರವೇ ಹೆಡ್ ಸ್ಟಾರ್ಟ್ ಅಂತ ಬಡ ಮಕ್ಕಳಿಗೆ ಶುರು ಮಾಡ್ತು, ಮೊದಲು ಬರೀ 8 ವಾರದ ಬೇಸಿಗೆ ಕಾರ್ಯಕ್ರಮ, ಆಮೇಲೆ ವರ್ಷಪೂರ್ತಿ ಆಯ್ತು. ನಮ್ಮ ದೇಶದಲ್ಲಿ 1975ರ ಅಕ್ಟೋಬರ್ 2ಕ್ಕೆ ಐಸಿಡಿಎಸ್, ಅಂದ್ರೆ ಅಂಗನವಾಡಿ ನಡೆಸೋ ಯೋಜನೆ ಬಂತು, ಕರ್ನಾಟಕದಲ್ಲಿ ಮೊದಲು ಮೈಸೂರು ಕಡೆ ಟಿ. ನರಸೀಪುರದಲ್ಲಿ. ಊಟ, ಚುಚ್ಚುಮದ್ದು, ಆಟಪಾಠ ಎಲ್ಲಾ ಒಂದೇ ಸೂರಿನ ಕೆಳಗೆ ಇಟ್ಟಿದ್ದು ನನಗೆ ತುಂಬಾ ದೊಡ್ಡ ವಿಚಾರ ಅನಿಸುತ್ತೆ, ಯಾಕಂದ್ರೆ ಹಸಿದ ಕೂಸಿಗೆ ಕಥೆ ತಲೆಗೆ ಹೋಗಲ್ಲ.

ಅಕ್ಕಾ, ಪುಸ್ತಕ ಇಲ್ಲ ಅಂದ್ರಲ್ಲ. ಹಳೇ ಕ್ಯಾಲೆಂಡರ್, ಪೇಪರ್, ಬಿಸ್ಕಿಟ್ ಪಾಕೀಟು, ಬಸ್ಸಿನ ಬೋರ್ಡ್, ಎಲ್ಲಾ ಪುಸ್ತಕವೇ. ಬಸ್ಸಲ್ಲಿ ಹೋಗುವಾಗ "ಕಲಬುರಗಿ" ಅಂತ ಬೋರ್ಡ್ ಕಂಡ್ರೆ ಬೆರಳಿಟ್ಟು ಓದಿ ತೋರಿಸಿ. ಅಕ್ಷರಕ್ಕಿಂತ ಮೊದಲು ಸದ್ದು ಆಡಿಸಿ, "ಕ ಅಂತ ಶುರು ಆಗೋದು ಏನೇನಿದೆ" ಅಂದ್ರೆ ಅವಳೇ ಕೋಳಿ, ಕಸಬರಿಗಿ, ಕಟಗಿ ಅಂತ ಹುಡುಕ್ತಾಳೆ. ಮಾತಿನೊಳಗಿನ ಸದ್ದು ಕಿವಿಗೆ ಬಿಡಿಯಾಗಿ ಕೇಳಿದ ಮೇಲೆ ಅಕ್ಷರ ಕೂಡಿಸೋದು ಸುಲಭ.

ಶಹಾಬಾದ ಪಪ್ಪಾ

ಇದು ನನಗ ಗೊತ್ತಿರಲಿಲ್ಲ. ನಿನ್ನೆ ರಾತ್ರಿ ಮಗನ ಮುಂದ ಹತ್ತು ಶೇಂಗಾ ಇಟ್ಟು ಆರು ಕೊಡು ಅಂದೆ. ಸಿಕ್ಸ್ ಅಂತ ಬಾಯಿಲೆ ಅಂದ, ಎಂಟು ಕೊಟ್ಟ. ನಾ ಸಾಲಿ ಬದಲಿ ಮಾಡಲ್ಲ, ಇಂಗ್ಲಿಷ್ ಬೇಕೇ ಬೇಕು ಅನ್ನೋ ನನ್ನ ಮಾತು ಹಂಗೇ ಅದ. ಆದ್ರ ದಿನಾ ರಾತ್ರಿ ನಮ್ಮ ಮಾತಿನಾಗ ಶೇಂಗಾ ಎಣಿಸೋದು ಮಾಡ್ತೀನಿ.

ದವಾಖಾನಿ ಸಿಸ್ಟರ್

ಎಲ್ಲಾರೂ ಕಲಿಸೋದರ ಬಗ್ಗೆ ಬರದೀರಿ, ನಾ ಕಿವಿ ಕಣ್ಣಿನ ಬಗ್ಗೆ ಬರೀತೀನಿ. ಕೂಸು ಕರದ್ರ ತಿರುಗಲ್ಲ, ಮಾತು ಸ್ಪಷ್ಟ ಇಲ್ಲ, ಕ್ಲಾಸಿನಾಗ ಸುಮ್ಮ ಕೂಡ್ರತದ ಅಂದ್ರ ದಡ್ಡ ಅಂತ ಅನಬ್ಯಾಡ್ರಿ. ಕಿವಿ ಸೋರಿ ಸೋರಿ ಕೇಳಿಸೋದೇ ಕಡಿಮಿ ಆದ ಹುಡುಗ್ರನ್ನ ನಾ ಭಾಳ ಮಂದಿ ನೋಡೀನಿ, ಮನ್ಯಾಗ ಎಣ್ಣಿ ಬಿಟ್ಟು ಬಿಟ್ಟು ಇನ್ನೂ ಕೆಡಸಿರ್ತಾರ. ಆರ್‌ಬಿಎಸ್‌ಕೆ ಅಂತ ಮಕ್ಕಳ ಆರೋಗ್ಯ ನೋಡೋ ಸರಕಾರಿ ಡಾಕ್ಟರ್ ತಂಡ ವರ್ಷಕ್ಕ ಎರಡು ಸಲ ಅಂಗನವಾಡಿಗಿ ಬರ್ತದ, ಅವತ್ತ ಕೂಸನ್ನ ತಪ್ಪಿಸಬ್ಯಾಡ್ರಿ, ಕೂಲಿ ಬಿಟ್ಟಾದ್ರೂ ನೀವೂ ಹೋಗಿ ಎದುರು ನಿಂತು ಕೇಳ್ರಿ. ಫೆಬ್ರವರಿ 10, ಆಗಸ್ಟ್ 10ರ ಸುಮಾರಿಗೆ ಜಂತಿನ ಗುಳಿಗಿ ಕೊಡ್ತಾರ, ಅದನ್ನ ನುಂಗಸ್ರಿ. ಹೊಟ್ಟ್ಯಾಗ ಜಂತು, ಮೈಯಾಗ ರಕ್ತ ಇಲ್ಲಂದ್ರ ಕೂಸು ಮಧ್ಯಾಹ್ನಕ್ಕೇ ತೂಕಡಸ್ತದ. ಅಂಗನವಾಡಿಯಾಗ ಹಾಲು ಕೊಡ್ತಾರ, ತತ್ತಿ ಕೊಡ್ತಾರ, ಕೂಸು ಅಲ್ಲೇ ಕೂತು ಉಣ್ಲಿ, ಮನಿಗಿ ತಂದು ಹಂಚಬ್ಯಾಡ್ರಿ.

ಮತ್ತ ಹುಣಸೀ ಬೀಜ, ಶೇಂಗಾ ಆಡಸೋರು, ಮನ್ಯಾಗ ಮೂರು ವರ್ಷದೊಳಗಿನ ಕೂಸು ಇದ್ರ ಕಣ್ಣಿಟ್ಟಿರ್ರಿ. ಮೂಗಿನಾಗ, ಗಂಟಲದಾಗ ಸಿಕ್ಕೊಂಡು ಓಡಿ ಬರೋ ಕೇಸ್ ನಮಗ ಹೊಸಾದಲ್ಲ.

ನಲಿಕಲಿ ಮಾಸ್ತರ, ಯಾದಗಿರಿ

"ಹೋಗ್ಲತ್ತೀನಿ" ಅಂದ್ರ ನಗ್ತಾರ ಅಂತ ತಂಗಿ ಬರದಿದ್ಲು, ಅದಕ್ಕ ಉತ್ತರ ಹೇಳೋದು ಉಳೀತು. ನಾ ಕ್ಲಾಸಿನಾಗ ಅದೇ ಮಾತು ಆಡ್ತೀನಿ. ಪುಸ್ತಕದಾಗ "ಹೋಗುತ್ತಿದ್ದೇನೆ" ಅಂತದ, ಇದನ್ನ ನಾವ್ ಹ್ಯಾಂಗ ಅಂತೀವಿ ಅಂತ ಕೇಳ್ತೀನಿ, ಎಲ್ಲಾ ಹುಡುಗ್ರು ಒಮ್ಮೆಲೆ ಒದರ್ತಾರ. ಹಳ್ಳ್ಯಾಗಿದ್ದವ್ರು ಪಂಚಾಯ್ತಿ ಅರಿವು ಕೇಂದ್ರಕ್ಕ, ಅಂದ್ರ ಊರಿನ ಲೈಬ್ರರಿಗಿ ಹೋಗ್ರಿ, ಭಾಳ ಕಡಿ ಚಿತ್ರದ ಪುಸ್ತಕ ಸುಮ್ಮ ಕಪಾಟಿನಾಗ ಕೂತಿರ್ತಾವ. ಮತ್ತ ತಂಗೀ, ಅಜ್ಜಿಗಿ ಕಥೀ ಹೇಳಲಾಕ ಹೇಳು. ಕಥೀ ನಡುವ ನಿಲ್ಲಿಸಿ "ಮುಂದ ಏನಾಯ್ತು ಹೇಳು ನೋಡಮು" ಅಂತ ಕೂಸಿನ ಕಡಿಂದ ಅನಸಬೇಕು, ಅದು ಮುಖ್ಯ. ಟಿವಿ, ಮೊಬೈಲ್ ಕಥೀ ಹೇಳ್ತಾವ, ಆದ್ರ ಕೂಸಿನ ಮಾತು ಕೇಳಲ್ಲ.

ತೊಗರಿನಾಡಿನ ತಾಯಿ, ಕಲಬುರಗಿ

ಎಲ್ಲಾರಿಗೂ ಕೈ ಮುಗಿತೀನಿ. ಮೂರು ವಾರ ಆಯ್ತು, ಏನಾಯ್ತು ಅಂತ ಹೇಳಮು ಅಂತ ಬಂದೀನಿ. ಟ್ಯೂಷನ್ನಿಗಿ ಹಾಕಿಲ್ಲ. ಆ 600ರಾಗ 100 ಕೊಟ್ಟು ಒಂದು ಪಾಟಿ, ಬಣ್ಣದ ಬಳಪ, ಎರಡು ಚಿತ್ರದ ಪುಸ್ತಕ ತಂದೆ. ಅಂಗನವಾಡಿಗಿ ಹೋಗಿ ಅಕ್ಕನ ಜೋಡಿ ಮಾತಾಡಿದೆ, ಇಕಿ ಅಲ್ಲಿ ಸಣ್ಣ ಹುಡುಗ್ರಿಗಿ ಹಾಡು ಹೇಳಿಕೊಡ್ತಾಳ ಅಂದ್ರು, ನನಗ ಗೊತ್ತೇ ಇರಲಿಲ್ಲ. ಮಿಲ್ಲಿನಿಂದ ಒಂದು ಮುಷ್ಟಿ ತೊಗರಿ, ಕಡ್ಲಿ, ಹೆಸರು, ಅಲಸಂದಿ ಕೂಡ್ಸಿ ತಂದು ಕೊಡ್ತೀನಿ, ಅಕಿ ಅತ್ತಿ ಜೋಡಿ ಕೂತು ಬ್ಯಾರೆ ಬ್ಯಾರೆ ಮಾಡ್ತಾಳ, ಯಾವುದು ಜಾಸ್ತಿ ಅದ ಅಂತ ಹೇಳ್ತಾಳ.

ನಮ್ಮ ಮನಿಯವ್ರು ಇಷ್ಟು ದಿನ ಇದು ಹೆಂಗಸರ ಕೆಲಸಾ ಅಂತ ಸುಮ್ಮನಿದ್ರು. ಮೊನ್ನೆ ಗಂಜಿನಿಂದ ಬಂದು ಅಕಿನ್ನ ತೊಡಿ ಮ್ಯಾಲ ಕೂಡಸ್ಕೊಂಡು ಇವತ್ತ ಎಷ್ಟು ಚೀಲ ಹೊತ್ತೆ ಅಂತ ಬಳ್ಳಿನ ಮ್ಯಾಲ ಎಣಿಸಿ ತೋರಸಿದ್ರು. ಅಕಿ ಕೈ ಬಳ್ಳು ಸಾಲಲಿಲ್ಲ, ಕಾಲಿನ ಬಳ್ಳು ತಗೊಂಡ್ಲು, ಅದೂ ಸಾಲಲಿಲ್ಲ, ಅಜ್ಜಿ ಕೈ ಎಳ್ಕೊಂಡ್ಲು. ಇಪ್ಪತ್ತಮೂರು ತನಕ ಬಂತು.